ವಿದೇಶಾಂಗ ಸೇವೆಯ ಆಚೆಗೆ: ಅಂತರರಾಷ್ಟ್ರೀಯ ಸಂಬಂಧಗಳ ವ್ಯಾಸಂಗ ಮತ್ತು ಉದ್ಯೋಗ

ರಾಷ್ಟ್ರಗಳು ಪರಸ್ಪರ ಹೇಗೆ ವ್ಯವಹರಿಸುತ್ತವೆ, ಯುದ್ಧಗಳು ಏಕೆ ನಡೆಯುತ್ತವೆ, ಕೆಲವು ಒಪ್ಪಂದಗಳು ಬಾಳಿ ಕೆಲವು ಏಕೆ ಮುರಿದುಬೀಳುತ್ತವೆ, ಸರ್ಕಾರಗಳಲ್ಲದ ಸಂಸ್ಥೆಗಳೂ ಕಂಪನಿಗಳೂ ಈ ವ್ಯವಹಾರದಲ್ಲಿ ಎಷ್ಟು ಪಾಲು ಪಡೆದಿವೆ ಎಂಬ ಪ್ರಶ್ನೆಗಳನ್ನು ಕ್ರಮವಾಗಿ ಪರಿಶೀಲಿಸುವ ಶಾಸ್ತ್ರವನ್ನು ಅಂತರರಾಷ್ಟ್ರೀಯ ಸಂಬಂಧಗಳು ಎಂದು ಕರೆಯುವುದು ರೂಢಿ. ಭಾರತದ ಕಾಲೇಜುಗಳಲ್ಲಿ ಈ ವಿಷಯವನ್ನು ಆರಿಸಿಕೊಳ್ಳುವ ಹೆಚ್ಚಿನ ವಿದ್ಯಾರ್ಥಿಗಳ ಕಣ್ಣಮುಂದೆ ಇರುವುದು ಒಂದೇ ಉದ್ಯೋಗ, ಅದು ಭಾರತೀಯ ವಿದೇಶಾಂಗ ಸೇವೆ. ಪ್ರವೇಶದ ಋತುವಿನಲ್ಲಿ ಕಾಲೇಜುಗಳು ಹಂಚುವ ಮಾಹಿತಿ ಪುಸ್ತಿಕೆಗಳೂ ರಾಜತಾಂತ್ರಿಕನ ಚಿತ್ರವನ್ನೇ ಮುಂದಿಡುತ್ತವೆ. ಆದರೆ ಆ ಸೇವೆಯ ಬಾಗಿಲು ಈ ಪದವಿಯನ್ನು ಕೇಳುವುದಿಲ್ಲ, ಈ ಪದವಿಯಿಂದ ಬರುವ ತಿಳಿವಳಿಕೆಯನ್ನು ನಿಜವಾಗಿ ಕೇಳುವ ಉದ್ಯೋಗಗಳಾದರೋ ಬೇರೆ ಹೆಸರುಗಳಲ್ಲಿ, ಬೇರೆ ಊರುಗಳಲ್ಲಿ ಹುಟ್ಟುತ್ತಿವೆ. ಈ ವಿಷಯವನ್ನು ಕಲಿಸುವ ಕ್ರಮ ಮಾತ್ರ ಇವೆರಡರಲ್ಲಿ ಯಾವುದಕ್ಕೂ ಹೊಂದಿಕೊಂಡಿಲ್ಲ.

ಮೊದಲು ಆ ಬಾಗಿಲಿನ ಅಗಲವನ್ನು ನೋಡಬೇಕು. ಕೇಂದ್ರ ಲೋಕಸೇವಾ ಆಯೋಗದ 2024ರ ನಾಗರಿಕ ಸೇವಾ ಪರೀಕ್ಷೆಗೆ ಹತ್ತು ಲಕ್ಷಕ್ಕೆ ಸ್ವಲ್ಪ ಕಡಿಮೆ ಜನ ಅರ್ಜಿ ಹಾಕಿದರು, ಸುಮಾರು 5.83 ಲಕ್ಷ ಜನ ಪೂರ್ವಭಾವಿ ಪರೀಕ್ಷೆಗೆ ಕುಳಿತರು, ಕೊನೆಯಲ್ಲಿ ಎಲ್ಲ ಸೇವೆಗಳಿಗೂ ಸೇರಿ ಆಯ್ಕೆಯಾದವರು 1,009 ಮಂದಿ. ಅದರಲ್ಲಿ ವಿದೇಶಾಂಗ ಸೇವೆಗೆ ಮೀಸಲಾಗಿದ್ದ ಸ್ಥಾನಗಳು 55. ಅದರ ಹಿಂದಿನ ವರ್ಷ ಈ ಸಂಖ್ಯೆ 37 ಮಾತ್ರ ಇತ್ತು. ಇಷ್ಟು ದೊಡ್ಡ ದೇಶದ ರಾಜತಾಂತ್ರಿಕ ಸೇವೆಯ ಒಟ್ಟು ಬಲವೇ ಸಾವಿರದ ಆಸುಪಾಸಿನಲ್ಲಿದೆ, ಈ ಕೊರತೆಯನ್ನು ಸಂಸತ್ತಿನ ಸ್ಥಾಯಿ ಸಮಿತಿ ಮತ್ತೆ ಮತ್ತೆ ಎತ್ತಿ ತೋರಿಸಿದೆ. ಸೇವೆ ನಾಳೆಯೇ ಎರಡು ಪಟ್ಟಾದರೂ, ಒಂದು ವಿದ್ಯಾಶಾಖೆಯ ಪದವೀಧರರೆಲ್ಲರ ಭವಿಷ್ಯವನ್ನು ಅದರ ಮೇಲೆ ಹೊರಿಸಲಾಗದು.

ಅಗಲಕ್ಕಿಂತ ಮುಖ್ಯವಾದದ್ದು ಅರ್ಹತೆಯ ಪ್ರಶ್ನೆ. ಪರೀಕ್ಷೆಗೆ ಯಾವುದೇ ವಿಷಯದ ಪದವಿ ಸಾಕು. ರಾಜ್ಯಶಾಸ್ತ್ರ ಮತ್ತು ಅಂತರರಾಷ್ಟ್ರೀಯ ಸಂಬಂಧಗಳು ಎಂಬುದು ಐಚ್ಛಿಕ ವಿಷಯಗಳ ಪಟ್ಟಿಯಲ್ಲಿರುವ ಒಂದು ವಿಷಯವೇ ಹೊರತು ಅದನ್ನು ಕಾಲೇಜಿನಲ್ಲಿ ಓದಿರಬೇಕೆಂಬ ನಿಯಮವಿಲ್ಲ. ಈಗಿನ ವಿದೇಶಾಂಗ ಸಚಿವ ಎಸ್. ಜೈಶಂಕರ್ ಅವರು ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ಇದೇ ಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವರು ಎಂಬುದನ್ನು ಎತ್ತಿ ಹೇಳುವವರು, ಇಂಜಿನಿಯರಿಂಗ್, ವೈದ್ಯಕೀಯ, ಸಾಹಿತ್ಯ ಓದಿ ಅದೇ ಸೇವೆಗೆ ಬಂದ ಹಲವರನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕೊಡಗಿನ ವಿರಾಜಪೇಟೆಯಲ್ಲಿ ಹುಟ್ಟಿ, ಮದರಾಸಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿ, 1949ರಲ್ಲಿ ಈ ಸೇವೆಗೆ ಸೇರಿದ ಮೊದಲ ಮಹಿಳೆಯಾದ ಸಿ. ಬಿ. ಮುತ್ತಮ್ಮ ಅವರ ವೃತ್ತಿಜೀವನ ಇಲ್ಲಿ ನೆನಪಿಗೆ ಬರುವುದು ಸಹಜ. ಸೇವೆಯಲ್ಲಿರುವ ಮಹಿಳೆ ಮದುವೆಯಾಗಲು ಸರ್ಕಾರದ ಲಿಖಿತ ಅನುಮತಿ ಪಡೆಯಬೇಕು, ಮದುವೆಯ ನಂತರ ಸಂಸಾರದ ಹೊಣೆ ಕೆಲಸಕ್ಕೆ ಅಡ್ಡಿಯಾಗುತ್ತದೆಂದು ಸರ್ಕಾರಕ್ಕೆ ತೋರಿದರೆ ರಾಜೀನಾಮೆ ಕೊಡಬೇಕಾಗಬಹುದು, ವಿವಾಹಿತ ಮಹಿಳೆಗೆ ನೇಮಕಾತಿ ಹಕ್ಕಿನ ಮಾತಲ್ಲ ಎಂಬ ನಿಯಮಗಳು ಆಗ ಇದ್ದವು. ತಮಗೆ ಬಡ್ತಿ ನಿರಾಕರಿಸಿದಾಗ ಅವರು ಸುಪ್ರೀಂ ಕೋರ್ಟಿಗೆ ಹೋದರು. 1979ರಲ್ಲಿ ತೀರ್ಪು ಬರುವಷ್ಟರಲ್ಲಿ ಸರ್ಕಾರ ಬಡ್ತಿ ಕೊಟ್ಟಿದ್ದರಿಂದ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರ ಪೀಠ ಅರ್ಜಿಯನ್ನು ಮುಕ್ತಾಯಗೊಳಿಸಿತಾದರೂ, ಆ ನಿಯಮಗಳಲ್ಲಿದ್ದ ಲಿಂಗತಾರತಮ್ಯವನ್ನು ಕಟುವಾಗಿ ಟೀಕಿಸಿತು. ವಿದೇಶಾಂಗ ನೀತಿಯನ್ನು ರೂಪಿಸುವ ಸಂಸ್ಥೆಯೂ ಒಂದು ಕಚೇರಿಯೇ, ಅದಕ್ಕೂ ಸೇವಾ ನಿಯಮಗಳೂ ಪೂರ್ವಗ್ರಹಗಳೂ ಇವೆ ಎಂಬುದನ್ನು ತಿಳಿಯಲು ಈ ಒಂದು ಮೊಕದ್ದಮೆಯ ಓದು ಸಾಕು. ಪಠ್ಯಕ್ರಮಗಳಲ್ಲಿ ಇದು ಕಾಣುವುದು ಅಪರೂಪ.

ಸೇವೆಗೆ ಆಯ್ಕೆಯಾದವರಿಗೆ ತರಬೇತಿಯ ಅಂಗವಾಗಿ ಒಂದು ವಿದೇಶಿ ಭಾಷೆಯನ್ನು ನಿಗದಿಪಡಿಸಲಾಗುತ್ತದೆ, ಅದರಲ್ಲಿ ಪರೀಕ್ಷೆ ಮುಗಿಸದೆ ನೌಕರಿ ಕಾಯಂ ಆಗುವುದಿಲ್ಲ. ಅಂದರೆ ಸರ್ಕಾರ ತನ್ನ ರಾಜತಾಂತ್ರಿಕನಲ್ಲಿ ಯಾವುದನ್ನು ಅನಿವಾರ್ಯವೆಂದು ಎಣಿಸುತ್ತದೋ ಅದು ಸಿದ್ಧಾಂತವಲ್ಲ, ಭಾಷೆ. ಅಂತರರಾಷ್ಟ್ರೀಯ ಸಂಬಂಧಗಳ ಸ್ನಾತಕ ಪದವಿಗಳ ಪಠ್ಯಕ್ರಮವನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಕೊರತೆ ಎದ್ದು ಕಾಣುತ್ತದೆ: ಭಾಷೆ ಅಲ್ಲಿ ಇದ್ದರೂ ಒಂದೆರಡು ಸೆಮಿಸ್ಟರಿನ ಐಚ್ಛಿಕ ಪತ್ರಿಕೆಯಾಗಿ, ಅಂಕಕ್ಕೆ ಮಾತ್ರ ಉಳಿದಿರುತ್ತದೆ.

ಈ ಶಾಸ್ತ್ರ ಭಾರತಕ್ಕೆ ಬಂದ ಕಾಲದಲ್ಲಿ ಪರಿಸ್ಥಿತಿ ಹೀಗಿರಲಿಲ್ಲ. ಮೊದಲ ಮಹಾಯುದ್ಧದ ಹತ್ಯಾಕಾಂಡ ಮತ್ತೆ ನಡೆಯಬಾರದೆಂಬ ಆಶಯದಿಂದ 1919ರಲ್ಲಿ ವೇಲ್ಸ್‌ನ ಅಬರಿಸ್ಟ್ವಿತ್‌ನಲ್ಲಿ ಸ್ಥಾಪನೆಯಾದ ಪೀಠವನ್ನು ಈ ಶಾಸ್ತ್ರದ ಮೊದಲ ಪ್ರಾಧ್ಯಾಪಕ ಹುದ್ದೆಯೆಂದು ಪರಿಗಣಿಸುತ್ತಾರೆ. ಅದೇ ಪೀಠದಲ್ಲಿ ಕುಳಿತ ಇ. ಎಚ್. ಕಾರ್ 1939ರಲ್ಲಿ ಪ್ರಕಟಿಸಿದ ಕೃತಿಯಲ್ಲಿ, ಸದಾಶಯ ಮಾತ್ರದಿಂದ ಶಾಂತಿ ನೆಲೆಸದು, ಅಧಿಕಾರದ ಸಮತೋಲವನ್ನು ಅರಿಯದೆ ನೀತಿಯ ಮಾತಾಡುವುದು ವ್ಯರ್ಥ ಎಂದು ಹೇಳಿ, ಆ ಪೀಠದ ಮೂಲ ಆಶಯವನ್ನೇ ಪ್ರಶ್ನಿಸಿದರು. ಭಾರತದಲ್ಲಿ 1943ರಲ್ಲಿ ಭಾರತೀಯ ವಿಶ್ವ ವ್ಯವಹಾರಗಳ ಮಂಡಳಿ ಹುಟ್ಟಿತು, ದೆಹಲಿಯ ಸಪ್ರೂ ಹೌಸ್ ಅದರ ನೆಲೆಯಾಯಿತು; ಅದರ ಆಶ್ರಯದಲ್ಲಿ 1955ರಲ್ಲಿ ಆರಂಭವಾದ ಅಂತರರಾಷ್ಟ್ರೀಯ ಅಧ್ಯಯನ ಶಾಲೆ 1970ರಲ್ಲಿ ಜೆಎನ್‌ಯುವಿನಲ್ಲಿ ವಿಲೀನವಾಯಿತು. ಕೋಲ್ಕತ್ತದ ಜಾದವ್‌ಪುರ ವಿಶ್ವವಿದ್ಯಾಲಯ 1956ರಲ್ಲೇ ಪ್ರತ್ಯೇಕ ವಿಭಾಗ ತೆರೆದಿತ್ತು. ಸಪ್ರೂ ಹೌಸ್ ಶಾಲೆಯ ಹಿಂದಿದ್ದ ಕಲ್ಪನೆ ಪ್ರದೇಶಾಧ್ಯಯನದ್ದು, ಅಂದರೆ ಒಬ್ಬ ಸಂಶೋಧಕ ಜಗತ್ತಿನ ಒಂದು ಭಾಗವನ್ನು ಆರಿಸಿಕೊಂಡು ಅದರ ಇತಿಹಾಸ, ಆರ್ಥಿಕತೆ, ಸಮಾಜ ಮತ್ತು ಭಾಷೆಯನ್ನು ಒಟ್ಟಾಗಿ ಕಲಿಯುವ ಕ್ರಮದ್ದು. ಚೀನಾ ಬಲ್ಲವರು, ರಷ್ಯಾ ಬಲ್ಲವರು, ಪಶ್ಚಿಮ ಏಷ್ಯಾ ಬಲ್ಲವರು ಸ್ವತಂತ್ರ ದೇಶಕ್ಕೆ ಬೇಕು ಎಂಬುದು ಅದರ ತಳಹದಿಯಾಗಿತ್ತು. ಮುಂದೆ ವಿಷಯ ಜನಪ್ರಿಯವಾಗಿ ಕಾಲೇಜುಗಳಿಗೆ ಹರಡಿದಾಗ ಈ ತಳಹದಿ ಹಿಂದೆ ಉಳಿಯಿತು, ಸಿದ್ಧಾಂತದ ಸಾರಾಂಶವೂ ಪ್ರಚಲಿತ ವಿದ್ಯಮಾನವೂ ಮುಂದೆ ಬಂದವು. ಭಾಷೆ ಕಲಿಸಲು ಅಧ್ಯಾಪಕರೂ ಗ್ರಂಥಾಲಯವೂ ವರ್ಷಗಟ್ಟಲೆ ತಾಳ್ಮೆಯೂ ಬೇಕು, ಸಾರಾಂಶಕ್ಕೆ ನೋಟ್ಸ್ ಸಾಕಾಗುತ್ತದೆ.

ಹಾಗೆಂದು ಸಿದ್ಧಾಂತವನ್ನು ತಳ್ಳಿಹಾಕುವುದು ಸರಿಯಲ್ಲ. ರಾಜ್ಯಗಳ ಮೇಲೆ ಯಾವ ಮೇಲಧಿಕಾರವೂ ಇಲ್ಲದ ಸ್ಥಿತಿಯಲ್ಲಿ ಪ್ರತಿಯೊಂದು ರಾಜ್ಯವೂ ತನ್ನ ಭದ್ರತೆಯನ್ನು ತಾನೇ ನೋಡಿಕೊಳ್ಳಬೇಕಾಗುತ್ತದೆ ಎಂಬ ವಾಸ್ತವವಾದ, ಸಂಸ್ಥೆಗಳೂ ವ್ಯಾಪಾರವೂ ಈ ಅಭದ್ರತೆಯನ್ನು ತಗ್ಗಿಸಬಲ್ಲವು ಎಂಬ ಉದಾರವಾದ, ಯಾರು ಶತ್ರು ಯಾರು ಮಿತ್ರ ಎಂಬುದೇ ಸಮಾಜಗಳು ಕಟ್ಟಿಕೊಂಡ ಗ್ರಹಿಕೆ ಎಂಬ ರಚನಾವಾದ, ಇವು ಮೂರೂ ಒಂದೇ ಘಟನೆಯನ್ನು ಮೂರು ಬಗೆಯಲ್ಲಿ ಕೇಳುವ ಪ್ರಶ್ನೆಗಳು. ಅವನ್ನು ಬಲ್ಲವನಿಗೆ ಪತ್ರಿಕೆಯ ಸುದ್ದಿಯಲ್ಲಿ ಏನು ಬಿಟ್ಟುಹೋಗಿದೆ ಎಂಬುದು ಕಾಣುತ್ತದೆ. ತೊಂದರೆ ಇರುವುದು, ಇವನ್ನು ಪಶ್ಚಿಮದ ಉದಾಹರಣೆಗಳ ಜತೆಗೆ ಬಾಯಿಪಾಠ ಮಾಡಿಸುವ ಪದ್ಧತಿಯಲ್ಲಿ. ಮೈಸೂರಿನ ಓರಿಯಂಟಲ್ ಗ್ರಂಥಾಲಯದಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿ ಪ್ರತಿಯನ್ನು 1905ರಲ್ಲಿ ಗುರುತಿಸಿ 1909ರಲ್ಲಿ ಪ್ರಕಟಿಸಿದವರು ಆರ್. ಶಾಮಶಾಸ್ತ್ರಿಗಳು. ಸಂಧಿ, ವಿಗ್ರಹ, ಆಸನ, ಯಾನ, ಸಂಶ್ರಯ, ದ್ವೈಧೀಭಾವ ಎಂಬ ಆರು ನೀತಿಗಳನ್ನು, ಅಂದರೆ ಒಪ್ಪಂದ, ವೈರ, ಸುಮ್ಮನಿರುವುದು, ದಂಡೆತ್ತುವುದು, ಬಲಿಷ್ಠನ ಆಶ್ರಯ, ಒಬ್ಬನೊಡನೆ ಸಂಧಿ ಇನ್ನೊಬ್ಬನೊಡನೆ ವೈರ ಎಂಬವನ್ನು, ಯಾವ ಬಲಾಬಲದಲ್ಲಿ ಯಾವುದು ತಕ್ಕದ್ದು ಎಂದು ಆ ಗ್ರಂಥ ವಿಂಗಡಿಸುತ್ತದೆ. ಇಂದಿನ ಭಾರತ ರಷ್ಯಾದ ತೈಲ ಕೊಳ್ಳುತ್ತ ಅಮೆರಿಕದೊಡನೆ ರಕ್ಷಣಾ ಸಹಕಾರ ಬೆಳೆಸುವುದನ್ನು ಈ ಕೊನೆಯ ನೀತಿಯಿಂದ ಪೂರ್ತಿ ವಿವರಿಸಲಾಗದು. ಆದರೂ ಆ ವಿಂಗಡಣೆ ಎಲ್ಲಿಯವರೆಗೆ ಹೊಂದುತ್ತದೆ, ಎಲ್ಲಿ ಸೋಲುತ್ತದೆ ಎಂದು ತರಗತಿಯಲ್ಲಿ ವಾದಿಸುವುದು, ಕೌಟಿಲ್ಯನನ್ನು ಭಾರತದ ಮ್ಯಾಕಿಯವೆಲ್ಲಿ ಎಂದು ಹೊಗಳಿ ಮುಂದೆ ಸಾಗುವುದಕ್ಕಿಂತ ಒಳ್ಳೆಯ ಶಿಕ್ಷಣ.

ವಿದೇಶಾಂಗ ಸೇವೆಯ ನಂತರ ಸಾಮಾನ್ಯವಾಗಿ ಹೆಸರಿಸುವ ಉದ್ಯೋಗಗಳು ವಿಶ್ವಸಂಸ್ಥೆ, ಚಿಂತನ ಸಂಸ್ಥೆಗಳು ಮತ್ತು ಅಧ್ಯಾಪನ. ವಿಶ್ವಸಂಸ್ಥೆಯ ಸಚಿವಾಲಯಕ್ಕೆ ಎಳೆಯರು ಸೇರಲು ಇರುವ ಪರೀಕ್ಷೆಗೆ 32 ವರ್ಷದ ವಯೋಮಿತಿಯಿದೆ, ಜತೆಗೆ ಸಿಬ್ಬಂದಿಯಲ್ಲಿ ಸಾಕಷ್ಟು ಪ್ರಾತಿನಿಧ್ಯವಿಲ್ಲದ ದೇಶಗಳ ಪ್ರಜೆಗಳಿಗೆ ಮಾತ್ರ ಅದು ತೆರೆದಿರುತ್ತದೆ; ಸಚಿವಾಲಯದಲ್ಲಿ ಇಂಟರ್ನ್ ಆಗಿ ದುಡಿಯುವವರಿಗೆ ಸಂಬಳವಿಲ್ಲದ ಕಾರಣ ನ್ಯೂಯಾರ್ಕಿನ ಬಾಡಿಗೆ ಭರಿಸಬಲ್ಲ ಮನೆಯ ಮಕ್ಕಳಿಗಷ್ಟೇ ಆ ಅನುಭವ ದಕ್ಕುತ್ತದೆ. ನೀತಿಗಳನ್ನು ಅಧ್ಯಯನ ಮಾಡಿ ಸರ್ಕಾರಕ್ಕೂ ಸಾರ್ವಜನಿಕರಿಗೂ ವರದಿ ಕೊಡುವ ಚಿಂತನ ಸಂಸ್ಥೆಗಳು ದೆಹಲಿಯಲ್ಲೇ ದಟ್ಟವಾಗಿವೆ, ಬೆಂಗಳೂರಿನಲ್ಲಿ ತಕ್ಷಶಿಲಾ, ಉನ್ನತ ಅಧ್ಯಯನಗಳ ರಾಷ್ಟ್ರೀಯ ಸಂಸ್ಥೆಯಂಥ ಕೆಲವು ಇವೆ. ಅಲ್ಲಿ ಆರಂಭದ ಹುದ್ದೆಗಳು ಕಡಿಮೆ, ಹೆಚ್ಚಿನವು ಯೋಜನೆಯ ಹಣ ಇರುವಷ್ಟು ದಿನದವು. ಅಧ್ಯಾಪನದಲ್ಲಿ ಇನ್ನೊಂದು ತೊಡಕು: ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಹುದ್ದೆ ಇರುವುದು ರಾಜ್ಯಶಾಸ್ತ್ರದ ಹೆಸರಿನಲ್ಲಿ, ಆದ್ದರಿಂದ ಅಂತರರಾಷ್ಟ್ರೀಯ ಸಂಬಂಧಗಳ ಎಂ.ಎ. ಪದವೀಧರ ತನ್ನ ಪದವಿ ಅದಕ್ಕೆ ಸಮಾನವೇ ಎಂಬ ಪ್ರಶ್ನೆಗೆ ಕಾಗದ ಪತ್ರ ಹಿಡಿದು ಉತ್ತರಿಸಬೇಕಾಗುತ್ತದೆ.

ಬೇಡಿಕೆ ಬೆಳೆಯುತ್ತಿರುವುದು ಈ ಯಾವ ಪಟ್ಟಿಯಲ್ಲೂ ಕಾಣದ ಕಡೆಗಳಲ್ಲಿ. ಕಾಫಿಯ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. ಭಾರತದ ಕಾಫಿಯಲ್ಲಿ ಸುಮಾರು ನೂರಕ್ಕೆ 70 ಪಾಲು ಕರ್ನಾಟಕದ ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳಿಂದ ಬರುತ್ತದೆ, ರಫ್ತಿನ ದೊಡ್ಡ ಭಾಗ ಯುರೋಪಿಗೆ, ಅದರಲ್ಲೂ ಇಟಲಿಗೆ ಹೋಗುತ್ತದೆ. ಐರೋಪ್ಯ ಒಕ್ಕೂಟ 2023ರಲ್ಲಿ ಅರಣ್ಯನಾಶ ತಡೆಯುವ ಒಂದು ಕಾನೂನು ಮಾಡಿತು. ಕಾಫಿ, ಕೋಕೋ, ರಬ್ಬರ್, ತಾಳೆ ಎಣ್ಣೆ, ಸೋಯಾ, ಮರ, ದನ ಇವುಗಳಿಂದ ಬಂದ ಸರಕು ಒಕ್ಕೂಟದ ಮಾರುಕಟ್ಟೆ ಸೇರಬೇಕಾದರೆ 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದಲ್ಲಿ ಅದು ಬೆಳೆದದ್ದಲ್ಲ ಎಂದು ಆಮದುದಾರ ರುಜುವಾತು ಮಾಡಬೇಕು. ಅದಕ್ಕಾಗಿ ಬೆಳೆದ ತೋಟದ ಅಕ್ಷಾಂಶ ರೇಖಾಂಶ ಕೊಡಬೇಕು, ತೋಟ ನಾಲ್ಕು ಹೆಕ್ಟೇರ್ ಮೀರಿದರೆ, ಅಂದರೆ ಸುಮಾರು ಹತ್ತು ಎಕರೆ ದಾಟಿದರೆ, ಅದರ ಸುತ್ತಳತೆಯ ನಕ್ಷೆಯನ್ನೇ ಕೊಡಬೇಕು, ಬೆಳೆದ ದೇಶದ ಭೂಕಾನೂನಿಗೆ ಅನುಗುಣವಾಗಿ ಬೆಳೆ ಬಂದಿದೆ ಎಂದೂ ತೋರಿಸಬೇಕು. ಕಾನೂನಿನ ಜಾರಿ ಒಂದಕ್ಕಿಂತ ಹೆಚ್ಚು ಸಲ ಮುಂದೂಡಲ್ಪಟ್ಟಿದ್ದರೂ ರಫ್ತುದಾರರು ಕಾಯುತ್ತ ಕೂರುವಂತಿಲ್ಲ, ಏಕೆಂದರೆ ಬೆಳೆಗಾರರಲ್ಲಿ ಬಹುಪಾಲು ಸಣ್ಣ ಹಿಡುವಳಿದಾರರು, ಹಲವು ತೋಟಗಳ ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಒಟ್ಟು ಸೇರಿಬಿಟ್ಟ ಮೇಲೆ ಯಾವ ಚೀಲ ಯಾವ ತೋಟದ್ದು ಎಂದು ಹೇಳುವುದು ಕಷ್ಟ. ಕೊಡಗಿನ ಜಮ್ಮಾ ಭೂಮಿಯಂತೆ ಪಹಣಿಯಲ್ಲಿ ಕುಟುಂಬದ ಹಿರಿಯರ ಹೆಸರೇ ಉಳಿದುಕೊಂಡು ಬಂದಿರುವ ಕಡೆ, ಈ ನೆಲ ಯಾರದು ಎಂಬ ಹಳೆಯ ಪ್ರಶ್ನೆಗೆ ಈಗ ಬ್ರಸೆಲ್ಸ್‌ಗೂ ಉತ್ತರ ಬೇಕು. ತೋಟದ ಪಹಣಿಯನ್ನೂ ಐರೋಪ್ಯ ಕಾನೂನಿನ ಕಲಮುಗಳನ್ನೂ ಒಟ್ಟಿಗೆ ಓದಬಲ್ಲ, ಆ ಕಾನೂನನ್ನು ಮುಂದೂಡಲು ಒತ್ತಾಯಿಸಿದವರು ಯಾರು, ಬ್ರೆಜಿಲ್ ಮತ್ತು ವಿಯೆಟ್ನಾಂ ಯಾವ ಸಿದ್ಧತೆಯಲ್ಲಿವೆ ಎಂದು ಅರಿತ ವ್ಯಕ್ತಿ ಕಾಫಿ ಮಂಡಳಿಗೂ ಬೇಕು, ರಫ್ತು ಸಂಸ್ಥೆಗೂ ಬೇಕು, ಬೆಳೆಗಾರರ ಸಂಘಕ್ಕೂ ಬೇಕು. ಆ ಹುದ್ದೆಯ ಜಾಹೀರಾತಿನಲ್ಲಿ ಅಂತರರಾಷ್ಟ್ರೀಯ ಸಂಬಂಧಗಳು ಎಂಬ ಮಾತು ಇರುವುದಿಲ್ಲ. ಸುಸ್ಥಿರತೆ, ಅನುಸರಣೆ, ಮಾರುಕಟ್ಟೆ ಪ್ರವೇಶ ಎಂಬಂಥ ಹೆಸರುಗಳಿರುತ್ತವೆ. ಬಳ್ಳಾರಿ ಸೀಮೆಯ ಉಕ್ಕಿಗೂ ಇದೇ ಕಥೆ: ಉತ್ಪಾದನೆಯಲ್ಲಿ ಹೊರಬಿದ್ದ ಇಂಗಾಲಕ್ಕೆ ಗಡಿಯಲ್ಲಿ ಶುಲ್ಕ ವಿಧಿಸುವ ಐರೋಪ್ಯ ವ್ಯವಸ್ಥೆ 2023ರ ಅಕ್ಟೋಬರಿನಲ್ಲಿ ವರದಿ ಸಲ್ಲಿಕೆಯ ಹಂತದಿಂದ ಶುರುವಾಗಿದೆ.

ತಂತ್ರಜ್ಞಾನದ ನಗರವಾದ ಬೆಂಗಳೂರಿಗೆ ಈ ಪಾಠ ಹೊಸದೇನಲ್ಲ. 1991ರಲ್ಲಿ ಇಸ್ರೋ ಕ್ರಯೋಜೆನಿಕ್ ಇಂಜಿನ್‌ಗಾಗಿ, ಅಂದರೆ ಅತಿಶೀತಲ ದ್ರವ ಇಂಧನದ ರಾಕೆಟ್ ಇಂಜಿನ್‌ಗಾಗಿ, ಸೋವಿಯೆತ್ ಸಂಸ್ಥೆ ಗ್ಲಾವ್‌ಕಾಸ್ಮಾಸ್ ಜತೆ ಒಪ್ಪಂದ ಮಾಡಿಕೊಂಡಿತು. ಕ್ಷಿಪಣಿ ತಂತ್ರಜ್ಞಾನ ಹರಡದಂತೆ ತಡೆಯುವ ಕೂಟದ ನಿಯಮಗಳನ್ನು ಮುಂದಿಟ್ಟು ಅಮೆರಿಕ 1992ರಲ್ಲಿ ಎರಡೂ ಸಂಸ್ಥೆಗಳ ಮೇಲೆ ನಿರ್ಬಂಧ ಹೇರಿತು, ಮರುವರ್ಷ ರಷ್ಯಾ ತಂತ್ರಜ್ಞಾನ ಕೊಡದೆ ಇಂಜಿನ್‌ಗಳನ್ನು ಮಾತ್ರ ಕೊಡಲು ಒಪ್ಪಿತು. ಸ್ವದೇಶಿ ಇಂಜಿನ್ ಹೊತ್ತ ಜಿಎಸ್‌ಎಲ್‌ವಿ ಯಶಸ್ವಿಯಾಗಿ ಹಾರಿದ್ದು 2014ರ ಜನವರಿಯಲ್ಲಿ. ಯಾವ ಕೂಟ ಭಾರತಕ್ಕೆ ಅಡ್ಡಿಯಾಗಿತ್ತೋ ಅದಕ್ಕೆ ಭಾರತವೇ 2016ರಲ್ಲಿ ಸದಸ್ಯನಾಯಿತು, ಮುಂದೆ ರಫ್ತು ನಿಯಂತ್ರಣದ ಇನ್ನೆರಡು ಕೂಟಗಳನ್ನೂ, 2017ರಲ್ಲಿ ವಾಸೆನಾರ್ ವ್ಯವಸ್ಥೆಯನ್ನು ಮತ್ತು 2018ರಲ್ಲಿ ಆಸ್ಟ್ರೇಲಿಯಾ ಗುಂಪನ್ನು, ಸೇರಿತು. ಈ ಸದಸ್ಯತ್ವಗಳ ಹೊಣೆ ಈಗ ಪೀಣ್ಯದ ಯಂತ್ರಭಾಗದ ಕಾರ್ಖಾನೆಯವರೆಗೆ ಇಳಿದು ಬಂದಿದೆ: ನಾಗರಿಕ ಬಳಕೆಗೂ ಸೇನಾ ಬಳಕೆಗೂ ಒದಗುವ ಸರಕುಗಳನ್ನು ಸ್ಕಾಮೆಟ್ ಎಂಬ ಪಟ್ಟಿಯಲ್ಲಿ ಗುರುತಿಸಲಾಗಿದೆ, ಆ ಪಟ್ಟಿಯಲ್ಲಿರುವ ವಸ್ತುವನ್ನು ಹೊರದೇಶಕ್ಕೆ ಕಳಿಸಲು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಪರವಾನಗಿ ಬೇಕು. ಚೀನಾಕ್ಕೆ ಮುಂದುವರಿದ ಚಿಪ್ ತಂತ್ರಜ್ಞಾನ ಹೋಗದಂತೆ ಅಮೆರಿಕ 2022ರ ಅಕ್ಟೋಬರಿನಲ್ಲಿ ಹೇರಿದ ನಿಯಮಗಳನ್ನು ಆ ದೇಶದ ಕಂಪನಿಗಳ ಬೆಂಗಳೂರು ಕಚೇರಿಗಳೂ ಗಮನದಲ್ಲಿಡಲೇಬೇಕು. ಕಾನೂನು ಪದವೀಧರ ನಿಯಮವನ್ನು ಓದಬಲ್ಲ, ಇಂಜಿನಿಯರ್ ಸರಕನ್ನು ಬಲ್ಲ. ಮುಂದಿನ ವರ್ಷ ಯಾವ ದೇಶ ಯಾವ ಪಟ್ಟಿ ಸೇರಬಹುದು ಎಂಬ ಅಂದಾಜು ಕೊಡಲು ಇಬ್ಬರಿಗೂ ತರಬೇತಿಯಿಲ್ಲ. 2025ರ ಜನವರಿಯಲ್ಲಿ ಅಮೆರಿಕ ತೆರೆದ ಕಾನ್ಸುಲೇಟ್ ಸೇರಿದಂತೆ ನಗರದಲ್ಲಿರುವ ವಿದೇಶಿ ಕಚೇರಿಗಳು ವ್ಯಾಪಾರ, ಶಿಕ್ಷಣ, ರಾಜಕೀಯ ಬೆಳವಣಿಗೆಗಳ ಮೇಲೆ ಕಣ್ಣಿಡಲು ಸ್ಥಳೀಯ ಸಿಬ್ಬಂದಿಯನ್ನು ಅವಲಂಬಿಸುತ್ತವೆ ಎಂಬುದೂ ಇದಕ್ಕೆ ಸೇರಿದ ಮಾತೇ.

ವಿದೇಶ ವ್ಯವಹಾರ ಸಂವಿಧಾನದ ಏಳನೇ ಅನುಸೂಚಿಯ ಪ್ರಕಾರ ಕೇಂದ್ರಪಟ್ಟಿಯ ವಿಷಯ, ಆದ್ದರಿಂದ ರಾಜ್ಯಗಳಿಗೆ ಇದರಲ್ಲಿ ಕೆಲಸವಿಲ್ಲ ಎಂಬ ಆಕ್ಷೇಪ ಬರಬಹುದು. ಆಚರಣೆ ಹಾಗಿಲ್ಲ. ರಾಜ್ಯಗಳ ಜತೆ ವ್ಯವಹರಿಸಲೆಂದೇ ವಿದೇಶಾಂಗ ಸಚಿವಾಲಯ 2014ರಲ್ಲಿ ಪ್ರತ್ಯೇಕ ವಿಭಾಗ ತೆರೆಯಿತು; ಕೇರಳ 1996ರಲ್ಲೇ ಅನಿವಾಸಿ ಕೇರಳೀಯರಿಗಾಗಿ ನೋರ್ಕಾ ಎಂಬ ಇಲಾಖೆಯನ್ನು ಕಟ್ಟಿ, ಕೊಲ್ಲಿಗೆ ಹೋಗುವ ಕೆಲಸಗಾರನ ದಾಖಲೆಗಳ ದೃಢೀಕರಣದಿಂದ ಹಿಡಿದು ಮರಳಿ ಬಂದವನ ಪುನರ್ವಸತಿಯವರೆಗೆ ಅದಕ್ಕೆ ವಹಿಸಿತು. ಕರಾವಳಿ ಕರ್ನಾಟಕದಿಂದ ಕೊಲ್ಲಿಗೆ ಹೋಗಿ ದುಡಿಯುವವರ ಪರಂಪರೆ ಹಲವು ದಶಕಗಳದ್ದು. ವಲಸೆ ಕಾರ್ಮಿಕನ ವೀಸಾ ಮತ್ತು ವಾಸ್ತವ್ಯವನ್ನು ಅವನ ಉದ್ಯೋಗದಾತನಿಗೆ ಕಟ್ಟಿಹಾಕುವ ಕಫಾಲಾ ಪದ್ಧತಿ ಯಾವ ದೇಶದಲ್ಲಿ ಎಷ್ಟು ಸಡಿಲವಾಗಿದೆ, ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡ ಮಾಲೀಕನ ಮೇಲೆ ಎಲ್ಲಿ ದೂರು ಕೊಡಬೇಕು ಎಂಬುದನ್ನು ಅರಬ್ಬಿ ಬಲ್ಲ ಒಬ್ಬ ಪದವೀಧರ ಉಡುಪಿಯಲ್ಲೋ ಮಂಗಳೂರಿನಲ್ಲೋ ಕುಳಿತು ಹೇಳುವಂತಾದರೆ ಅದು ಯಾವ ವಿಚಾರಸಂಕಿರಣಕ್ಕಿಂತಲೂ ದೊಡ್ಡ ಕೆಲಸ. ಕೇರಳದಂತೆ ಪೂರ್ಣ ಇಲಾಖೆಯನ್ನು ಕಟ್ಟದೆ ಅನಿವಾಸಿಗಳ ಸಮಿತಿಯೊಂದರಿಂದ ಕರ್ನಾಟಕ ಇದನ್ನು ನಿಭಾಯಿಸಲು ಹೊರಟಿರುವುದು ದೂರದೃಷ್ಟಿಯ ಕೊರತೆಯೆಂದೇ ಹೇಳಬೇಕು.

ಹೀಗಿರುವಾಗ ಈ ವಿಷಯವನ್ನು ಯಾವಾಗ, ಯಾವುದರ ಜತೆ ಓದಬೇಕು ಎಂಬ ಪ್ರಶ್ನೆ ಉಳಿಯುತ್ತದೆ. ಅರ್ಥಶಾಸ್ತ್ರ, ಇತಿಹಾಸ, ಕಾನೂನು ಅಥವಾ ವಿಜ್ಞಾನದ ಒಂದು ಗಟ್ಟಿ ಪದವಿ, ಅದರ ಜತೆಜತೆಗೆ ವರ್ಷಗಟ್ಟಲೆ ಬಿಡದೆ ಕಲಿತ ಒಂದು ವಿದೇಶಿ ಭಾಷೆ, ಅನಂತರ ಸ್ನಾತಕೋತ್ತರ ಹಂತದಲ್ಲಿ ಅಂತರರಾಷ್ಟ್ರೀಯ ಸಂಬಂಧಗಳು ಎಂಬ ಕ್ರಮ, ಹದಿನೆಂಟನೇ ವಯಸ್ಸಿಗೇ ಈ ಒಂದು ವಿಷಯಕ್ಕೆ ಕಟ್ಟುಬೀಳುವುದಕ್ಕಿಂತ ಮೇಲು. ಮಣಿಪಾಲದಲ್ಲಿರುವಂತೆ ಭೂರಾಜಕೀಯವನ್ನು ಸೇರಿಸಿಕೊಂಡ ವಿಭಾಗಗಳು ರಾಜ್ಯದಲ್ಲೇ ಇರುವುದು ಸಂತೋಷದ ಸಂಗತಿ. ಖಾಸಗಿ ವಿಶ್ವವಿದ್ಯಾಲಯಗಳ ಪೂರ್ಣಾವಧಿ ಸ್ನಾತಕ ಕೋರ್ಸುಗಳಿಗೆ ಲಕ್ಷಗಟ್ಟಲೆ ಶುಲ್ಕ ಕಟ್ಟುವ ಪೋಷಕರು ಮಾತ್ರ ಅಲ್ಲಿ ಯಾವ ಭಾಷೆಯನ್ನು ಎಷ್ಟು ಸೆಮಿಸ್ಟರ್ ಕಲಿಸುತ್ತಾರೆ, ಅಂಕಿಅಂಶ ವಿಶ್ಲೇಷಣೆಯ ಪತ್ರಿಕೆ ಇದೆಯೇ, ಹಳೆಯ ವಿದ್ಯಾರ್ಥಿಗಳು ಈಗ ಏನು ಮಾಡುತ್ತಿದ್ದಾರೆ ಎಂಬ ಮೂರು ಪ್ರಶ್ನೆಗಳನ್ನಾದರೂ ಕೇಳಬೇಕು.

ಈ ಕ್ರಮ ಸ್ಥಿತಿವಂತರಿಗಷ್ಟೇ ಸಾಧ್ಯ, ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇಂಗ್ಲಿಷೇ ಭಾರವಾಗಿರುವಾಗ ಮತ್ತೊಂದು ಭಾಷೆ ಹೇರುವುದು ಅನ್ಯಾಯ ಎಂಬ ಪ್ರತಿವಾದಕ್ಕೆ ತೂಕವಿದೆ. ಆದರೆ ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಉರ್ದುವನ್ನೋ ಆಡಿ, ಶಾಲೆಯಲ್ಲಿ ಕನ್ನಡ ಕಲಿತು, ಹಿಂದಿ ಇಂಗ್ಲಿಷ್‌ಗಳನ್ನು ದಾಟಿ ಬಂದ ವಿದ್ಯಾರ್ಥಿಗೆ ಇನ್ನೊಂದು ಭಾಷೆ ಕಲಿಯುವುದು, ಒಂದೇ ಭಾಷೆಯಲ್ಲಿ ಬೆಳೆದ ಮಹಾನಗರದ ವಿದ್ಯಾರ್ಥಿಗೆ ಆಗುವಷ್ಟು ಕಷ್ಟವಾಗಲಾರದು. ಆ ವಿದ್ಯಾರ್ಥಿಗೆ ನಿಜವಾಗಿ ಇಲ್ಲದಿರುವುದು ಪುಸ್ತಕ: ನಾಗರಿಕ ಸೇವೆಯ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಲು ಅವಕಾಶವಿದ್ದರೂ ಈ ಶಾಸ್ತ್ರದ ಪ್ರಮುಖ ಗ್ರಂಥಗಳಾಗಲಿ, ಭಾರತ ಸಹಿ ಹಾಕಿರುವ ಒಪ್ಪಂದಗಳ ವಿವರಣೆಯಾಗಲಿ ಕನ್ನಡದಲ್ಲಿ ಬೇಕಾದಷ್ಟು ಸಿಗುವುದಿಲ್ಲ, ಸಿಗುವುದರಲ್ಲಿ ಹೆಚ್ಚಿನದು ಸ್ಪರ್ಧಾತ್ಮಕ ಪರೀಕ್ಷೆಯ ಮಾರ್ಗದರ್ಶಿಗಳು. ವಿಶ್ವವಿದ್ಯಾಲಯಗಳ ಪ್ರಸಾರಾಂಗಗಳು ಒಂದು ಕಾಲಕ್ಕೆ ವಿಜ್ಞಾನ, ಇತಿಹಾಸ, ಅರ್ಥಶಾಸ್ತ್ರಗಳಿಗೆ ಮಾಡಿದ ಕೆಲಸವನ್ನು ಈ ವಿಷಯಕ್ಕೂ ಮಾಡಬೇಕಾಗಿದೆ. ಐರೋಪ್ಯ ಒಕ್ಕೂಟದ ಅರಣ್ಯ ಕಾನೂನಿನ ಕನ್ನಡ ವಿವರಣೆಯಿಂದಲೇ ಅದನ್ನು ಶುರುಮಾಡಿದರೆ ಓದುಗರು ಕಾಲೇಜಿನ ಹೊರಗೂ, ಸೋಮವಾರಪೇಟೆಯಿಂದ ಮೂಡಿಗೆರೆಯವರೆಗೂ ಸಿಗುತ್ತಾರೆ.